ಗೆಳತಿಯ ಕಾಯಿಲೆ ಇಲಿಗಳನ್ನು ಹತ್ತು ದಿನ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ಗೆಳತಿ ಹತ್ತು ದಿನ ಊರಲ್ಲಿರುವುದಿಲ್ಲ. ಅವಳು ಸಾಕಿರುವ ಎರಡು ಹೆಣ್ಣು ಇಲಿಗಳನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋಗುತ್ತಾಳೆ. ಎರಡಕ್ಕೂ ಉಸಿರಾಟದ ಸೋಂಕು ಇದೆ. ಡಾಕ್ಸಿಸೈಕ್ಲಿನ್ ಮತ್ತು ಎನ್ರೋಫ್ಲಾಕ್ಸಾಸಿನ್ ಎಂಬ ಎರಡು ಆಂಟಿಬಯೋಟಿಕ್‌ಗಳನ್ನು ದಿನಕ್ಕೆ ಎರಡು ಸಲ ಕೊಡಬೇಕಂತೆ. ಒಂದು ಸೀನುತ್ತಲೇ ಇರುತ್ತದೆ, ಇನ್ನೊಂದರ ಮೂಗಿನ ಸುತ್ತ ರಕ್ತ ಕಾಣುತ್ತದೆ. ನನಗೆ ಇಲಿ ಸಾಕಿ ಅಭ್ಯಾಸವಿಲ್ಲ. ಏನೇನು ಗಮನಿಸಬೇಕು?

ಉತ್ತರ: ಮೊದಲು ಆ ‘ರಕ್ತ’ದ ವಿಷಯ. ಅದು ಹೆಚ್ಚಾಗಿ ರಕ್ತವಲ್ಲ, ಪಾರ್ಫಿರಿನ್ ಎಂಬ ಕೆಂಪು ಸ್ರಾವ. ಇಲಿಯ ಕಣ್ಣಿನ ಹಿಂದಿರುವ ಗ್ರಂಥಿಯಿಂದ ಬರುತ್ತದೆ. ಆರೋಗ್ಯವಾಗಿರುವ ಇಲಿ ಅದನ್ನು ಮುಂಗಾಲಿನಿಂದ ಒರೆಸಿ ಶುಚಿ ಮಾಡಿಕೊಳ್ಳುತ್ತದೆ. ಕಾಯಿಲೆ ಅಥವಾ ಹೆದರಿಕೆ ಇದ್ದಾಗ ಸ್ರಾವ ಹೆಚ್ಚಾಗಿ, ಒರೆಸಿಕೊಳ್ಳುವ ಶಕ್ತಿಯೂ ಕಡಿಮೆಯಾಗಿ, ಅಂಟಿಕೊಂಡು ಉಳಿಯುತ್ತದೆ. ಜಾಗ ಬದಲಾದ ಮೊದಲ ದಿನ ಸ್ವಲ್ಪ ಜಾಸ್ತಿ ಕಂಡರೆ ಗಾಬರಿ ಬೇಡ. ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಿ. ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಪಶುವೈದ್ಯರಿಗೆ ತಿಳಿಸಿ.

ಸಾಕು ಇಲಿಗಳಲ್ಲಿ ಇಂಥ ಸೋಂಕಿನ ಹಿಂದೆ ಸಾಮಾನ್ಯವಾಗಿ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಔಷಧಿ ಅದನ್ನು ಹತೋಟಿಯಲ್ಲಿಡುತ್ತದೆ, ಬೇರುಸಹಿತ ಕೀಳುವುದಿಲ್ಲ. ಹಾಗಾಗಿ ಹತ್ತು ದಿನದಲ್ಲಿ ಇಲಿಗಳನ್ನು ಗುಣಪಡಿಸುವ ಹೊಣೆ ನಿಮ್ಮದಲ್ಲ. ಡೋಸ್ ತಪ್ಪದಂತೆ, ಹದಗೆಟ್ಟರೆ ಅದೇ ದಿನ ಗೊತ್ತಾಗುವಂತೆ ನೋಡಿಕೊಂಡರೆ ಸಾಕು.

ಗೆಳತಿ ಹೊರಡುವ ಮುಂಚೆ ಅವಳ ಎದುರಿಗೇ ಒಂದು ಡೋಸ್ ನೀವೇ ಕೊಟ್ಟು ನೋಡಿ. ಒಂದು ಹಾಳೆಯಲ್ಲಿ ಇಲಿಯ ಹೆಸರು, ಔಷಧಿ, ಎಷ್ಟು ಮಿ.ಲೀ., ಯಾವ ಹೊತ್ತಿಗೆ ಎಂದು ಬರೆಸಿಕೊಳ್ಳಿ. ಮಿ.ಗ್ರಾಂ ಲೆಕ್ಕ ಬೇಡ, ಶೀಷೆಯಿಂದ ಶೀಷೆಗೆ ಸಾಂದ್ರತೆ ಬೇರೆ ಇರುತ್ತದೆ. ಸುಲಭವಾಗಿ ಆಗಿಬಿಡುವ ತಪ್ಪು 0.1 ಮಿ.ಲೀ. ಬದಲು 1 ಮಿ.ಲೀ. ಎಳೆದುಬಿಡುವುದು, ಅಂದರೆ ಹತ್ತು ಪಟ್ಟು. 1 ಮಿ.ಲೀ. ಸಿರಿಂಜ್ ಮೇಲೆ ಸರಿಯಾದ ಗೆರೆಗೆ ಮಾರ್ಕರ್‌ನಿಂದ ಗುರುತು ಹಾಕಿ, ಇಲಿಗೊಂದು, ಔಷಧಿಗೊಂದು ಸಿರಿಂಜ್ ಬೇರೆ ಇಡಿ. ತುರ್ತಾದರೆ ಯಾವ ವೈದ್ಯರು, ಎಷ್ಟು ಖರ್ಚಿನವರೆಗೆ, ಉಳಿಯುವ ಸಾಧ್ಯತೆ ಇಲ್ಲವೆಂದಾದರೆ ದಯಾಮರಣಕ್ಕೆ ಒಪ್ಪಿಗೆಯೇ ಎಂಬುದೂ ಬರವಣಿಗೆಯಲ್ಲಿರಲಿ. ಕೇಳಲು ಮುಜುಗರವಾಗುತ್ತದೆ ನಿಜ, ಆದರೆ ನಡುರಾತ್ರಿ ಅವಳ ಫೋನ್ ಸಿಗದಿದ್ದಾಗ ಆ ನಿರ್ಧಾರ ನಿಮ್ಮ ತಲೆಯ ಮೇಲೆ ಬೀಳಬಾರದು.

ಎನ್ರೋಫ್ಲಾಕ್ಸಾಸಿನ್ ತುಂಬಾ ಕಹಿ. ಬಟಾಣಿ ಗಾತ್ರದ ಬಾಳೆಹಣ್ಣಿನ ಮುದ್ದೆಯಲ್ಲಿ ಕಲಸಿ, ಮಾಮೂಲಿ ಊಟಕ್ಕೆ ಮೊದಲು, ಪ್ರತಿ ಇಲಿಗೂ ಬೇರೆ ಬೇರೆ ಕಡೆ ಕೊಡಿ. ಜೊತೆಗಿಟ್ಟರೆ ಒಂದರ ಪಾಲು ಇನ್ನೊಂದರ ಹೊಟ್ಟೆ ಸೇರುತ್ತದೆ. ಹಾಲು, ಮೊಸರು, ಚೀಸ್‌ನಲ್ಲಿ ಕಲಸಬೇಡಿ. ಅವುಗಳ ಕ್ಯಾಲ್ಸಿಯಂ ಈ ಎರಡೂ ಔಷಧಿಗಳಿಗೆ ಅಂಟಿಕೊಂಡು ರಕ್ತಕ್ಕೆ ಪೂರ್ತಿ ಸೇರಲು ಬಿಡುವುದಿಲ್ಲ. ತಿನ್ನಲು ಒಪ್ಪದಿದ್ದರೆ ಇಲಿಯನ್ನು ಸಣ್ಣ ಟವೆಲ್‌ನಲ್ಲಿ ತಲೆ ಹೊರಗಿರುವಂತೆ ಸುತ್ತಿ, ಎದೆ ಬಿಗಿಯಾಗದಂತೆ ಹಿಡಿಯಿರಿ. ಮುಂಹಲ್ಲಿನ ಹಿಂದೆ, ಬಾಯಿಯ ಪಕ್ಕದಲ್ಲಿ ಹಲ್ಲಿಲ್ಲದ ಸಂದು ಇದೆ. ಸೂಜಿಯಿಲ್ಲದ ಸಿರಿಂಜ್‌ನ ತುದಿಯನ್ನು ಅಲ್ಲಿಟ್ಟು ಹನಿಹನಿಯಾಗಿ ಬಿಡಿ, ನುಂಗಿದ್ದು ಕಂಡ ಮೇಲೆ ಮುಂದಿನ ಹನಿ. ತಲೆಯನ್ನು ಹಿಂದಕ್ಕೆ ಬಾಗಿಸಬೇಡಿ. ಒಮ್ಮೆಲೇ ತಳ್ಳಿದರೆ ಮೊದಲೇ ಸೋತಿರುವ ಶ್ವಾಸಕೋಶಕ್ಕೆ ಔಷಧಿ ಇಳಿಯುತ್ತದೆ. ಉಗುಳಿದರೆ ಅಂದಾಜಿಗೆ ಮತ್ತೆ ಕೊಡಬೇಡಿ. ಒಂದು ಹೊತ್ತು ಮರೆತರೂ ಮುಂದಿನ ಸಲ ಎರಡು ಪಾಲು ಸೇರಿಸಿ ಕೊಡಬೇಡಿ.

ದಿನವೂ ಎರಡು ಅಂಕಿ ಬರೆದಿಡಿ. ಮೊದಲನೆಯದು ತೂಕ: ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಬಟ್ಟಲಿಟ್ಟು ಸೊನ್ನೆ ಮಾಡಿ, ಇಲಿಯನ್ನು ಅದರಲ್ಲಿ ಕೂರಿಸಿ. ಪ್ರತಿ ಸಂಜೆ ಒಂದೇ ಹೊತ್ತಿಗೆ ತೂಗಿ. 300 ಗ್ರಾಂ ಇಲಿ ಎರಡು ದಿನದಲ್ಲಿ 15 ಗ್ರಾಂ ಇಳಿದರೆ ವೈದ್ಯರಿಗೆ ಫೋನ್ ಮಾಡಿ, 30 ಗ್ರಾಂ ಇಳಿದಿದ್ದರೆ ಕರೆದುಕೊಂಡೇ ಹೋಗಿ. ಎರಡನೆಯದು ಉಸಿರು: ನಿದ್ದೆಯಲ್ಲಿರುವಾಗ ಪಕ್ಕೆ ಎಷ್ಟು ಸಲ ಏರಿತೆಂದು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ನಿಮಿಷಕ್ಕೆ 70ರಿಂದ 115 ಸಾಮಾನ್ಯ. ಆದರೆ ನಿಮಗೆ ಬೇಕಾದ್ದು ಈ ಇಲಿಯ ಮೊದಲ ದಿನದ ಅಂಕಿ. ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಇಲಿಗಳು ರಾತ್ರಿ ಚುರುಕು. ಹಗಲು ಮುದುರಿ ಮಲಗಿರುವುದನ್ನು ನೋಡಿ ಜ್ವರವೆಂದು ತಿಳಿಯಬೇಡಿ.

300 ಗ್ರಾಂ ತೂಕದ ಇಲಿಗೆ ದಿನಕ್ಕೆ ಸುಮಾರು 15 ಗ್ರಾಂ ಆಹಾರ, 30 ಮಿ.ಲೀ. ನೀರು ಬೇಕು. ಗಟ್ಟಿ ಪೆಲೆಟ್ (ಇಲಿ ಆಹಾರದ ಗುಳಿಗೆ) ತಿನ್ನದಿದ್ದರೆ ಅದನ್ನು ಬಿಸಿನೀರಿನಲ್ಲಿ ನೆನೆಸಿ ಕೊಡಿ. ನೀರಿನ ಬಾಟಲಿಯ ತುದಿಯ ಗುಂಡು ಆಗಾಗ ಸಿಕ್ಕಿಕೊಳ್ಳುತ್ತದೆ, ಬೆರಳಿನಿಂದ ಒತ್ತಿ ಹನಿ ಬರುತ್ತದೆಯೇ ನೋಡಿ. ಪಕ್ಕದಲ್ಲಿ ಒಂದು ಅಗಲ ಬಟ್ಟಲಲ್ಲೂ ನೀರಿರಲಿ.

ಪಂಜರದ ಮೂತ್ರದಿಂದ ಏಳುವ ಅಮೋನಿಯಾ ಈ ಕಾಯಿಲೆಯನ್ನು ಕೆರಳಿಸುತ್ತದೆ. ಒದ್ದೆಯಾದ ಹಾಸನ್ನು ದಿನವೂ ತೆಗೆಯಿರಿ. ಪೂರ್ತಿ ತಿಕ್ಕಿ ತೊಳೆಯುವುದು ಬೇಡ, ತಮ್ಮ ವಾಸನೆ ಹೋದರೆ ಇಲಿಗಳಿಗೆ ಕಸಿವಿಸಿ. ಪೈನ್, ಸೀಡರ್ ಮರದ ಹೊಟ್ಟು ಬೇಡ. ಕಾಗದದ ಹಾಸು ಅಥವಾ ಬಟ್ಟೆ ಸಾಕು. ಕೋಣೆಯಲ್ಲಿ ಹೊಗೆ, ಸುಗಂಧದ ಸ್ಪ್ರೇ, ನೇರ ಫ್ಯಾನ್ ಗಾಳಿ ಇರಬಾರದು. 20ರಿಂದ 26 ಡಿಗ್ರಿ ಸೆಲ್ಸಿಯಸ್ ಹಿತ. ಬಾಲ ಹಿಡಿದು ಎತ್ತಬೇಡಿ, ಚರ್ಮ ಒರೆಯಂತೆ ಕಳಚಿಬರಬಹುದು. ವೈದ್ಯರು ಹೇಳದೆ ಎರಡನ್ನೂ ಬೇರೆ ಮಾಡಬೇಡಿ.

ಇಲಿ ಮೂಗಿನಿಂದ ಮಾತ್ರ ಉಸಿರಾಡುವ ಪ್ರಾಣಿ. ಬಾಯಿ ತೆರೆದು ಉಸಿರೆಳೆಯುತ್ತಿದ್ದರೆ ಬೆಳಗಾಗಲೆಂದು ಕಾಯಬೇಡಿ, ಆ ಕ್ಷಣವೇ ಹೊರಡಿ. ಪಾದ, ಬಾಲ ನೀಲಿಗಟ್ಟಿದರೆ, ಪ್ರತಿ ಉಸಿರಿಗೂ ಪಕ್ಕೆ ಒಳಗೆ ಎಳೆದುಕೊಂಡರೆ, ಮೈ ತಣ್ಣಗಾಗಿ ಜೋತುಬಿದ್ದರೆ, ತಲೆ ವಾಲಿ ಉರುಳುತ್ತಿದ್ದರೆ ಕೂಡ ಅಷ್ಟೇ. ಜೊತೆಗಾರ ಇಲಿಯನ್ನೂ ಒಯ್ಯಿರಿ.

ಪ್ರಶ್ನೆ: ನನ್ನದೇ ಮೂರು ಇಲಿಗಳಿವೆ, ಚೆನ್ನಾಗಿವೆ. ಸ್ನೇಹಿತನ ಕಾಯಿಲೆ ಇಲಿಗಳನ್ನು ಅದೇ ಕೋಣೆಯಲ್ಲಿ ಇಡಬಹುದೇ?

ಉತ್ತರ: ಬೇಡ. ನಿಮ್ಮವಕ್ಕೂ ಮೈಕೋಪ್ಲಾಸ್ಮಾ ಈಗಾಗಲೇ ಇರಬಹುದು, ಅದೊಂದೇ ಆಗಿದ್ದರೆ ಅಷ್ಟು ಚಿಂತೆಯಿಲ್ಲ. ಆದರೆ ಗಾಳಿಯಲ್ಲಿ ಹರಡುವ ಬೇರೆ ವೈರಸ್‌ಗಳು ಜೊತೆಗೂಡಿದರೆ ಸುಮ್ಮನಿದ್ದ ಸೋಂಕು ಭುಗಿಲೇಳುತ್ತದೆ. ದಿನಕ್ಕೆರಡು ಸಲ ಸ್ನೇಹಿತನ ಮನೆಗೇ ಹೋಗಿ ನೋಡಿಕೊಂಡರೆ ಒಳ್ಳೆಯದು. ಬಂದ ಮೇಲೆ ಬಟ್ಟೆ ಬದಲಿಸಿ, ಕೈ ತೊಳೆದು, ಆಮೇಲೆ ನಿಮ್ಮವನ್ನು ಮುಟ್ಟಿ. ಅದಾಗದಿದ್ದರೆ ಬೇರೆ ಕೋಣೆ, ಬೇರೆ ಬಟ್ಟಲು. ಮೊದಲು ನಿಮ್ಮ ಇಲಿಗಳ ಕೆಲಸ, ಕೊನೆಗೆ ಅವುಗಳದು.

ಪ್ರಶ್ನೆ: ಔಷಧಿ ಕುಡಿಸುವಾಗ ಕಚ್ಚಿದರೆ?

ಉತ್ತರ: ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಿ. ನೋಡಲು ಆರೋಗ್ಯವಾಗಿರುವ ಇಲಿಯ ಬಾಯಲ್ಲೂ ‘ಇಲಿ ಕಡಿತದ ಜ್ವರ’ದ ಬ್ಯಾಕ್ಟೀರಿಯಾ ಇರಬಹುದು. ಅದು ಸಾಮಾನ್ಯವಾಗಿ 3ರಿಂದ 10 ದಿನದಲ್ಲಿ ಜ್ವರ, ಕೀಲುನೋವು, ಮೈಮೇಲೆ ಗುಳ್ಳೆಯಾಗಿ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಗಾಯ ಮಾಗಿರುವುದೂ ಉಂಟು, ಹಾಗಾಗಿ ಜ್ವರ ಬಂದರೆ ಇಲಿ ಕಚ್ಚಿದ್ದನ್ನು ನೀವಾಗಿಯೇ ಹೇಳಿ. ಆಂಟಿಬಯೋಟಿಕ್‌ಗೆ ಬಗ್ಗುವ ಕಾಯಿಲೆ. ಕಚ್ಚಿಸಿಕೊಳ್ಳದಿರಲು ತಿಂಡಿ ವಾಸನೆಯ ಬೆರಳನ್ನು ಪಂಜರದ ಸರಳಿನೊಳಗೆ ತೂರಿಸಬೇಡಿ, ಮಲಗಿದ್ದ ಇಲಿಯನ್ನು ಮೇಲಿನಿಂದ ತಟ್ಟನೆ ಬಾಚಬೇಡಿ.