ಪ್ಲೇಟ್ ಹಾಕಿದ ಕಾಲು ಊರೋದು ಯಾವಾಗ?

ಪಾದದ ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದವರ ಮೂರು ಪತ್ರಗಳಿಗೆ ಈ ಸಲ ಉತ್ತರ ಕೊಟ್ಟಿದ್ದೇನೆ. ಮೊದಲನೆಯದಕ್ಕೆ ಜಾಸ್ತಿ ಜಾಗ ಹೋಗಿದೆ. ಅದರಲ್ಲಿರುವ ತೊಂದರೆ ಬಹಳಷ್ಟು ಮನೆಗಳದ್ದು.

ಪ್ರಶ್ನೆ: ನನಗೆ 54 ವರ್ಷ. ತೀರ್ಥಹಳ್ಳಿ ಕಡೆಯ ಹಳ್ಳಿ ನಮ್ಮದು. ಹಿತ್ತಲ ಮೆಟ್ಟಿಲ ಮೇಲೆ ಪಾಚಿಗೆ ಜಾರಿ ಬಿದ್ದು ಬಲಗಾಲಿನ ಹರಡಿನ ಹತ್ತಿರ ಎರಡೂ ಬದಿಯ ಮೂಳೆ ಮುರಿಯಿತು. ಆಪರೇಷನ್ ಮಾಡಿ ಪ್ಲೇಟ್, ಸ್ಕ್ರೂ ಹಾಕಿದ್ದಾರೆ. ಮನೆಗೆ ಬಂದು ಒಂದು ವಾರ ಆಯಿತು. ಆರು ವಾರ ಕಾಲು ಊರಬಾರದು ಅಂದಿದ್ದಾರೆ. ಕಾಲು ಕೆಳಗೆ ಬಿಟ್ಟರೆ ಬೆರಳೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ಊದುತ್ತವೆ. ಯಜಮಾನರು 'ಸ್ವಲ್ಪ ಸ್ವಲ್ಪ ಓಡಾಡು, ಇಲ್ಲದಿದ್ದರೆ ಕಾಲು ಹಿಡಿದುಕೊಳ್ಳುತ್ತೆ' ಅನ್ನುತ್ತಾರೆ. ಅತ್ತೆಯವರು ಮೊಟ್ಟೆ, ಬದನೆಕಾಯಿ, ಮೊಸರು ಎಲ್ಲ ನಂಜು ಅಂತ ಬರೀ ಗಂಜಿ, ಸಾರನ್ನ ಕೊಡುತ್ತಿದ್ದಾರೆ. ಟಾಯ್ಲೆಟ್ ಮನೆಯ ಹೊರಗಿದೆ, ಕುಕ್ಕರುಗಾಲಲ್ಲಿ ಕೂರುವಂಥದ್ದು. ಏನು ಮಾಡಲಿ?

ಉತ್ತರ: ಮೊದಲು ಆ ನೇರಳೆ ಬಣ್ಣದ ವಿಷಯ. ಆಪರೇಷನ್ ಆದ ಕಾಲನ್ನು ಕೆಳಗೆ ಬಿಟ್ಟಾಗ ರಕ್ತ ಪಾದದಲ್ಲಿ ನಿಲ್ಲುತ್ತದೆ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲೆ ಕಳಿಸುತ್ತದೆ. ಈಗ ಆ ಸ್ನಾಯುವಿಗೆ ಕೆಲಸವೇ ಇಲ್ಲ. ಹಾಗಾಗಿ ಬಣ್ಣ ಬದಲಾಗುತ್ತದೆ. ಕಾಲು ಮೇಲೆತ್ತಿ ಮಲಗಿದ ಕೆಲವೇ ನಿಮಿಷಕ್ಕೆ ಬಣ್ಣ ಇಳಿದರೆ ಹೆದರಬೇಕಿಲ್ಲ. ಎತ್ತಿಟ್ಟ ಮೇಲೂ ಬೆರಳು ನೀಲಿಯಾಗಿಯೋ ಬಿಳಿಚಿಕೊಂಡೋ ಇದ್ದರೆ, ಮುಟ್ಟಿದರೆ ತಣ್ಣಗಿದ್ದರೆ, ಜೋಮು ಹಿಡಿದಿದ್ದರೆ, ಮಾತ್ರೆ ನುಂಗಿದರೂ ನೋವು ಏರುತ್ತಲೇ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಕಟ್ಟು ಬಿಗಿಯಾಗಿರಬಹುದು, ಒಳಗೆ ಒತ್ತಡ ಏರಿರಬಹುದು. ಅದೇ ರಾತ್ರಿ ಆಸ್ಪತ್ರೆಗೆ ಹೊರಡಿ.

ಕಾಲು ಎತ್ತಿಡುವುದು ಅಂದರೆ ಕುರ್ಚಿಯಲ್ಲಿ ಕೂತು ಸ್ಟೂಲ್ ಮೇಲೆ ಕಾಲು ಚಾಚುವುದಲ್ಲ. ಪಾದ ಎದೆಗಿಂತ ಎತ್ತರದಲ್ಲಿರಬೇಕು. ಅಂದರೆ ಮಲಗಲೇಬೇಕು. ಮೆತ್ತನೆಯ ದಿಂಬು ಒಂದು ಗಂಟೆಯಲ್ಲಿ ಚಪ್ಪಟೆಯಾಗುತ್ತದೆ. ಮಡಿಸಿದ ಕಂಬಳಿಯನ್ನು ಕೆಳಗಿಟ್ಟು ಅದರ ಮೇಲೆ ದಿಂಬು ಹಾಕಿ. ದಿಂಬು ಮೀನಖಂಡದ ಕೆಳಗಿರಲಿ, ಹಿಮ್ಮಡಿ ಯಾವುದಕ್ಕೂ ತಾಗದೆ ಗಾಳಿಯಲ್ಲಿರಲಿ. ಹಿಮ್ಮಡಿಯ ಮೇಲೇ ಭಾರ ಬಿಟ್ಟರೆ ಅಲ್ಲೊಂದು ಹುಣ್ಣಾಗುತ್ತದೆ. ಪಟ್ಟಿಯ ಒಳಗಿರುವ ಹುಣ್ಣು ಕಣ್ಣಿಗೂ ಬೀಳುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಹರಡಿನ ಸುತ್ತ ಮಾಂಸ ಇಲ್ಲ. ತೆಳು ಚರ್ಮ, ಅದರ ಕೆಳಗೇ ಮೂಳೆ, ಈಗ ಪ್ಲೇಟು. ಊತ ಜಾಸ್ತಿಯಾದರೆ ಚರ್ಮ ಬಿಗಿದು ಹೊಲಿಗೆ ಎಳೆಯುತ್ತದೆ. ಗಾಯ ಬಾಯಿ ಬಿಟ್ಟರೆ ಕೀವು ಪ್ಲೇಟಿನವರೆಗೆ ಇಳಿಯಲು ಬಹಳ ದೂರ ಇಲ್ಲ. ನಾವು ಡ್ರೆಸಿಂಗ್ ಬಿಚ್ಚಿದಾಗ ಮೊದಲು ನೋಡುವುದೇ ಚರ್ಮದ ಸುಕ್ಕು. ಹೊಳೆಯುವ ಬಿಗಿ ಚರ್ಮದ ಮೇಲೆ ಸಣ್ಣ ಸಣ್ಣ ಗೆರೆಗಳು ಮತ್ತೆ ಮೂಡಿದ್ದರೆ ಊತ ಇಳಿದಿದೆ ಅಂತ ಅರ್ಥ. ಅದನ್ನು ಕಂಡರೆ ನಮಗೆ ನಿಜಕ್ಕೂ ಖುಷಿ. ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ ಎರಡು ವಾರಕ್ಕೆ. ಅಲ್ಲಿಯವರೆಗೆ ಊಟಕ್ಕೆ, ಟಾಯ್ಲೆಟ್ಟಿಗೆ ಬಿಟ್ಟರೆ ಉಳಿದ ಹೊತ್ತೆಲ್ಲ ಕಾಲು ಮೇಲೇ ಇರಲಿ. 'ಕೂತಲ್ಲೇ ತರಕಾರಿ ಹೆಚ್ಚಿಕೊಡ್ತೀನಿ' ಅಂತ ಅಡುಗೆಮನೆಗೆ ಬಂದು ಕೂರುವುದು ಕೂಡ ಈಗ ಬೇಡ.

ಯಜಮಾನರಿಗೆ ಇದನ್ನು ಓದಿ ಹೇಳಿ. ಮನೆ ಕಟ್ಟುವಾಗ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಸೆಂಟ್ರಿಂಗ್ ಬಿಚ್ಚುತ್ತಾರೆಯೇ? ಪ್ಲೇಟಿನ ಕೆಲಸವೂ ಅದೇ. ಮುರಿದ ತುಂಡುಗಳು ಅಲುಗದಂತೆ ಅದು ಹಿಡಿದಿರುತ್ತದೆ. ನಿಮ್ಮ ಮೈಭಾರ ಹೊರುವುದು ಅದರ ಕೆಲಸವಲ್ಲ. ಮೂಳೆ ಕೂಡುವ ಮೊದಲೇ ಕಾಲೂರಿದರೆ ಸ್ಕ್ರೂ ಸಡಿಲವಾಗಬಹುದು, ಪ್ಲೇಟು ಬಾಗಬಹುದು. ಆಗ ಇನ್ನೊಂದು ಆಪರೇಷನ್. ಕೀಲು ಹಿಡಿದುಕೊಳ್ಳುವುದು ನಿಜ, ಆದರೆ ಪಟ್ಟಿ ತೆಗೆದ ಮೇಲೆ ವ್ಯಾಯಾಮದಿಂದ ಅದನ್ನು ಸಡಿಲ ಮಾಡಬಹುದು. ಪಟ್ಟಿ ಹೋದ ದಿನ ನಮ್ಮ ಫಿಸಿಯೋಥೆರಪಿಯವರು ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಸುತ್ತಾರೆ. 'ಊ' ಬರೆಯುವಷ್ಟರಲ್ಲಿ ಬೆವರು ಬರುತ್ತದೆ. ಕೆಲವು ವಾರ ಬಿಡದೆ ಮಾಡಿದರೆ ಪಾದ ಚೆನ್ನಾಗಿ ತಿರುಗುತ್ತದೆ. ಈಗಲೂ ನೀವು ಸುಮ್ನೆ ಇರಬೇಕಾಗಿಲ್ಲ. ಗಂಟೆಗೊಮ್ಮೆ ಬೆರಳುಗಳನ್ನು ಮಡಚಿ ಬಿಡಿಸಿ. ತೊಡೆಯ ಸ್ನಾಯು ಬಿಗಿ ಮಾಡಿ ಐದು ಎಣಿಸಿ ಬಿಡಿ. ಮಂಡಿ ಮಡಚದೆ ಇಡೀ ಕಾಲು ಮೇಲೆತ್ತಿ ಇಳಿಸಿ.

ಇನ್ನು ಟಾಯ್ಲೆಟ್. ಇದನ್ನು ಕೇಳಿದ್ದಕ್ಕೆ ನಿಮಗೆ ಧನ್ಯವಾದ. ಹೆಂಗಸರು ನಾಚಿಕೆಪಟ್ಟು ಇದನ್ನು ನಮ್ಮ ಹತ್ತಿರ ಹೇಳುವುದೇ ಇಲ್ಲ. ಸುಮ್ಮನೆ ನೀರು ಕುಡಿಯುವುದನ್ನು ಕಮ್ಮಿ ಮಾಡಿಬಿಡುತ್ತಾರೆ. ಅದರಿಂದ ಮೂತ್ರದ ಸೋಂಕು, ಮಲಬದ್ಧತೆ. ನೋವಿನ ಮಾತ್ರೆಗಳಲ್ಲಿ ಕೆಲವು ಮೊದಲೇ ಹೊಟ್ಟೆ ಕಟ್ಟಿಸುತ್ತವೆ. ಮೈಯಲ್ಲಿ ನೀರು ಕಮ್ಮಿಯಾದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಜಾಸ್ತಿ. ಮಳೆ, ಕೆಸರು, ಕತ್ತಲೆಯಲ್ಲಿ ಒಂಟಿ ಕಾಲಲ್ಲಿ ಹೊರಗೆ ಹೋಗುವುದಂತೂ ಬೇಡವೇ ಬೇಡ. ಕಮೋಡ್ ಕುರ್ಚಿ ಅಂತ ಸಿಗುತ್ತದೆ, ನಡುವೆ ತೂತು, ಕೆಳಗೆ ತೆಗೆದು ತೊಳೆಯುವ ಪಾತ್ರೆ. ಆಸ್ಪತ್ರೆ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ, ಕೆಲವರು ಬಾಡಿಗೆಗೂ ಕೊಡುತ್ತಾರೆ. ಮಲಗುವ ಕೋಣೆಯಲ್ಲೇ ಒಂದು ಮೂಲೆಗೆ ಇಟ್ಟು ಸೀರೆಯೊಂದನ್ನು ಪರದೆ ಕಟ್ಟಿ. ಪಾತ್ರೆ ತೊಳೆಯುವ ಕೆಲಸ ಯಜಮಾನರದ್ದೋ ಮಕ್ಕಳದ್ದೋ ಆಗಲಿ. ವರ್ಷಗಟ್ಟಲೆ ಎಲ್ಲರ ಸೇವೆ ಮಾಡಿದವರಿಗೆ ಆರು ವಾರ ಇಷ್ಟು ಮಾಡುವುದು ದೊಡ್ಡದಲ್ಲ.

ಸ್ನಾನಕ್ಕೂ ಕುರ್ಚಿ ಬೇಕು. ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಕಟ್ಟಿದ ಕಾಲಿಗೆ ಮಂಡಿಯವರೆಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿಗೆ ಟೇಪ್ ಸುತ್ತಿ, ಎದುರಿನ ಸ್ಟೂಲ್ ಮೇಲೆ ಇಡಿ. ಪಟ್ಟಿ ಒದ್ದೆಯಾದರೆ ಒಣಗಿಸುತ್ತ ಕೂರಬೇಡಿ, ಆಸ್ಪತ್ರೆಗೆ ತಿಳಿಸಿ.

ಓಡಾಟಕ್ಕೆ ಊರುಗೋಲಿಗಿಂತ ವಾಕರ್ ನಿಮಗೆ ಸರಿ. ಮಲೆನಾಡಿನ ಹಳೇ ಮನೆಗಳ ಹೊಸ್ತಿಲು ಎತ್ತರ. ದಾಟುವಾಗ ಯಾರಾದರೂ ಹಿಂದೆ ನಿಂತಿರಲಿ. ಮೊದಲು ವಾಕರ್ ಅನ್ನು ಆಚೆ ಇಟ್ಟು, ಅದು ಅಲುಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು, ಕೈಮೇಲೆ ಭಾರ ಹಾಕಿ ಒಳ್ಳೆ ಕಾಲನ್ನು ದಾಟಿಸಿ. ಬಾಗಿಲ ಮುಂದಿನ ಮ್ಯಾಟ್, ಚಾಪೆ ಎಲ್ಲ ತೆಗೆದುಬಿಡಿ. ಕರೆಂಟ್ ಹೋಗುವ ಊರು, ದಿಂಬಿನ ಪಕ್ಕ ಟಾರ್ಚ್ ಇರಲಿ. ಊರುಗೋಲನ್ನೇ ಬಳಸುವವರಿಗೆ ಒಂದು ಮಾತು. ಕಂಕುಳಿಗೂ ಕೋಲಿನ ತುದಿಗೂ ನಡುವೆ ಎರಡು ಮೂರು ಬೆರಳು ಜಾಗ ಇರಬೇಕು. ಭಾರ ಕೈಯ ಮೇಲೆ, ಕಂಕುಳ ಮೇಲಲ್ಲ. ಕಂಕುಳಲ್ಲಿ ನರ ಒತ್ತಿ ಕೈ ಸೋತು ಬಂದವರನ್ನು ನೋಡಿದ್ದೇನೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮುಂದೆ. ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮುಂದೆ.

ಅತ್ತೆಯವರ ಪಥ್ಯ ಪ್ರೀತಿಯಿಂದಲೇ ಬಂದಿದ್ದು, ಅದಕ್ಕೆ ಜಗಳ ಬೇಡ. ಆದರೆ ಗಾಯದಲ್ಲಿ ಕೀವಾಗುವುದು ರೋಗಾಣುಗಳಿಂದ, ಬದನೆಕಾಯಿಯಿಂದಲ್ಲ. ಮೊಸರಿನಿಂದಲೂ ಅಲ್ಲ. ಚರ್ಮ ಕೂಡಲು, ಮೂಳೆ ಬೆಸೆಯಲು ಪ್ರೋಟೀನ್ ಬೇಕು. ಗಂಜಿ, ಸಾರನ್ನದಲ್ಲಿ ಅದು ಸಾಲದು. ದಿನಾ ಮೊಟ್ಟೆ, ಮೊಸರು, ತೊವ್ವೆ, ಕಾಳು ಇರಲಿ, ಮೀನು ತಿನ್ನುವವರು ತಿನ್ನಲಿ. ಅತ್ತೆಯವರ ಹತ್ತಿರವೇ 'ಹೆಸರುಕಾಳು ಉಸಲಿ ಮಾಡಿಕೊಡಿ, ರಾಗಿ ಅಂಬಲಿಗೆ ಮಜ್ಜಿಗೆ ಹಾಕಿಕೊಡಿ' ಅಂತ ಕೇಳಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಮೊದಲಿಂದಲೂ ನಿಮಗೆ ಯಾವುದಾದರೂ ತಿಂದರೆ ತುರಿಕೆ, ದದ್ದು ಬರುತ್ತಿದ್ದರೆ ಅದೊಂದನ್ನು ಬಿಡಿ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಇದ್ದರೆ ಮಾತ್ರ ಇವತ್ತೇ ನಿಲ್ಲಿಸಿ. ಅದರಲ್ಲಿರುವ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಮೂಳೆ ಕೂಡುವುದು ತಡವಾಗುತ್ತದೆ. ಬೀಡಿ, ಸಿಗರೇಟೂ ಅಷ್ಟೇ.

ನೆಂಟರು ಯಾರಾದರೂ ಎಣ್ಣೆ ಹಚ್ಚಿ ನೀವುತ್ತೇನೆ ಅಂತ ಬಂದರೆ, ಕಟ್ಟು ಹಾಕುವವರನ್ನು ಕರೆಸುತ್ತೇನೆ ಅಂದರೆ ಒಪ್ಪಬೇಡಿ. ಮುಖ್ಯವಾಗಿ ಮೀನಖಂಡವನ್ನು ಯಾರೂ ತಿಕ್ಕಬಾರದು. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕಿದಾಗ ತುಂಡು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಮೀನಖಂಡ ಬಿಗಿದು, ಬಿಸಿಯಾಗಿ, ಒತ್ತಿದರೆ ನೋವಾಗುತ್ತಿದ್ದರೆ ಅದೇ ದಿನ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಿ. ರಕ್ತ ತೆಳುವಾಗಿಸುವ ಇಂಜೆಕ್ಷನ್ ಅಥವಾ ಮಾತ್ರೆ ಬರೆದಿದ್ದರೆ ಒಂದು ದಿನವೂ ತಪ್ಪಿಸಬೇಡಿ. ಜ್ವರ 100.4 ಡಿಗ್ರಿ ದಾಟಿದರೆ, ಕಟ್ಟಿನಿಂದ ವಾಸನೆ ಬಂದರೆ, ಕಮ್ಮಿಯಾಗಿದ್ದ ನೋವು ಮತ್ತೆ ಏರಿದರೆ ಆಗಲೂ ಕಾಯಬೇಡಿ.

ಆರು ವಾರಕ್ಕೆ ಎಕ್ಸ್‌ರೇ ನೋಡಿ, ಮೂಳೆ ಕೂಡುತ್ತಿದ್ದರೆ ಸ್ವಲ್ಪ ಸ್ವಲ್ಪವಾಗಿ ಭಾರ ಹಾಕಲು ಹೇಳುತ್ತಾರೆ. ಆ ದಿನ ನಿಮ್ಮ ಕಾಲು ಸಣಕಲಾಗಿ, ಚರ್ಮ ಒಣಗಿ ಹೊಟ್ಟು ಉದುರುತ್ತಾ ಇರುತ್ತದೆ. ಗಾಬರಿಯಾಗಬೇಡಿ, ಅದು ಸರಿಹೋಗುತ್ತದೆ. ಸಂಜೆ ಹೊತ್ತಿನ ಊತ ಆರು ತಿಂಗಳು, ಕೆಲವರಿಗೆ ಒಂದು ವರ್ಷವೂ ಇರುತ್ತದೆ. ತೊಂದರೆ ಕೊಡದಿದ್ದರೆ ಪ್ಲೇಟನ್ನು ತೆಗೆಯುವ ಅಗತ್ಯ ಇಲ್ಲ.

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಪಾದದಲ್ಲಿ ಹುಣ್ಣಾಗಿ ಎರಡು ಬೆರಳು ತೆಗೆದಿದ್ದಾರೆ. 'ನೋವೇ ಇಲ್ಲ' ಅಂತ ಮನೆಯೊಳಗೆ ಬರಿಗಾಲಲ್ಲಿ ಓಡಾಡುತ್ತಾರೆ. ಬಿಸಿನೀರಿನ ಶಾಖ ಕೊಡಬಹುದಾ? ದಾವಣಗೆರೆ.

ಉತ್ತರ: ಶಾಖ ಬೇಡ. ಬಿಸಿನೀರಿನ ಚೀಲ, ಬಿಸಿ ಉಪ್ಪಿನ ಗಂಟು, ಬೆಂಕಿ ಕಾಯಿಸುವುದು ಯಾವುದೂ ಬೇಡ. ನೋವಿಲ್ಲ ಅನ್ನುವುದೇ ನಿಮ್ಮ ತಂದೆಯ ದೊಡ್ಡ ತೊಂದರೆ. ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಸತ್ತಿವೆ. ಸುಟ್ಟರೂ, ಮುಳ್ಳು ಚುಚ್ಚಿದರೂ, ಹೊಲಿಗೆ ಬಿಟ್ಟರೂ ಅವರಿಗೆ ತಿಳಿಯುವುದಿಲ್ಲ. ಅದಕ್ಕೇ ಅವರ ಬದಲು ನೀವು ನೋಡಬೇಕು. ದಿನಾ ಸಂಜೆ ಒಳ್ಳೆ ಬೆಳಕಿನಲ್ಲಿ ಎರಡೂ ಪಾದ ನೋಡಿ. ಅಂಗಾಲು, ಹಿಮ್ಮಡಿ, ಬೆರಳ ಸಂದು, ಎಲ್ಲವೂ. ಆಪರೇಷನ್ ಆಗದ ಕಾಲಿನ ಮೇಲೆ ಈಗ ಭಾರ ಜಾಸ್ತಿ ಬೀಳುತ್ತಿದೆ, ಅಲ್ಲೂ ಹುಣ್ಣಾಗುವ ಭಯ ಇದೆ.

ಗಾಯ ಒಣಗುವವರೆಗೆ ಆ ಪಾದಕ್ಕೆ ಭಾರ ಬೀಳದಂತೆ ಕೊಟ್ಟಿರುವ ಚಪ್ಪಲಿ ಇಲ್ಲದೆ ಹಾಸಿಗೆಯಿಂದ ಇಳಿಯಬಾರದು, ಬಚ್ಚಲಿಗೂ ಸಹ. ಗಾಯ ವಾಸಿಯಾದ ಮೇಲೆ ಎಂಸಿಆರ್ ಅನ್ನುವ ಮೆತ್ತನೆಯ ರಬ್ಬರಿನ ಚಪ್ಪಲಿ ಎರಡು ಜೊತೆ ಮಾಡಿಸಿ. ಒಂದು ಹೊರಗೆ, ಒಂದು ಮನೆಯೊಳಗೆ ಮಾತ್ರ. ದೇವರ ಮನೆಗೆ ಅಂತಲೇ ಬೇರೆ ಒಂದು ಜೊತೆ ಇಟ್ಟುಕೊಂಡರೆ ಹಿರಿಯರು ಒಪ್ಪುತ್ತಾರೆ. ದೇವಸ್ಥಾನದ ಬಿಸಿಲಿನ ಕಲ್ಲುಹಾಸು ಇವರಿಗೆ ಬಹಳ ಅಪಾಯ. ಒಂದೇ ಪ್ರದಕ್ಷಿಣೆಯಲ್ಲಿ ಅಂಗಾಲೆಲ್ಲ ಬೊಬ್ಬೆ ಎದ್ದು ಬಂದವರಿದ್ದಾರೆ.

ಸ್ನಾನದ ನೀರನ್ನು ಮನೆಯವರೇ ಮುಟ್ಟಿ ನೋಡಿ ಕೊಡಿ. ಗಾಯಕ್ಕೆ ಅರಿಶಿನ, ಸ್ಪಿರಿಟ್ ಹಾಕಬೇಡಿ. ಆಸ್ಪತ್ರೆಯವರು ಹೇಳಿದಂತೆ ಮಾತ್ರ ಡ್ರೆಸಿಂಗ್. 'ಊಟ ಸರಿಯಾಗಿ ಸೇರ್ತಿಲ್ಲ' ಅಂತ ಇನ್ಸುಲಿನ್ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಫೋನ್ ಮಾಡಿ ಡೋಸ್ ಕೇಳಿ. ಮುಂದೆ ಯಾವತ್ತಾದರೂ ಪಾದ ನೋವಿಲ್ಲದೆಯೇ ಊದಿ, ಕೆಂಪಾಗಿ, ಇನ್ನೊಂದು ಪಾದಕ್ಕಿಂತ ಬಿಸಿ ಅನ್ನಿಸಿದರೆ ನಡೆಸಬೇಡಿ. ಒಳಗೆ ಮೂಳೆಗಳು ಕುಸಿಯುತ್ತಿರಬಹುದು, ಬೇಗ ಹಿಡಿದರೆ ಪಾದದ ಆಕಾರ ಉಳಿಯುತ್ತದೆ.

ಪ್ರಶ್ನೆ: ವಯಸ್ಸು 27, ಹುಬ್ಬಳ್ಳಿ. ಕೊರಿಯರ್ ಕೆಲಸ. ಎಡಪಾದದ ಕಿರುಬೆರಳ ಕಡೆಯ ಉದ್ದ ಮೂಳೆ ಮುರಿದು ಸ್ಕ್ರೂ ಹಾಕಿ ನಾಲ್ಕು ವಾರ ಆಯಿತು. ನೋವು ಕಮ್ಮಿ ಇದೆ. ಬೈಕ್ ಓಡಿಸಲಾ? ಕೆಲಸಕ್ಕೆ ಹೋಗದಿದ್ದರೆ ಮನೆ ನಡೆಯಲ್ಲ.

ಉತ್ತರ: ಈಗಲೇ ಬೇಡ. ಎಡಪಾದದಿಂದಲೇ ಗೇರ್ ಹಾಕಬೇಕು, ಸಿಗ್ನಲ್‌ನಲ್ಲಿ ಗಾಡಿ ವಾಲಿದರೆ ಊರುವುದೂ ಹೆಚ್ಚಾಗಿ ಅದೇ ಕಾಲು. ಆ ಮೂಳೆಯ ಬುಡದ ಭಾಗಕ್ಕೆ ರಕ್ತ ಸಂಚಾರ ಕಮ್ಮಿ. ಅಲ್ಲಿ ಮುರಿದರೆ ಕೂಡುವುದು ನಿಧಾನ. ನೋವು ಹೋಯಿತು ಅಂದ ಮಾತ್ರಕ್ಕೆ ಮೂಳೆ ಕೂಡಿತು ಅಂತಲ್ಲ. ಎಕ್ಸ್‌ರೇ ನೋಡಿ ಡಾಕ್ಟರ್ ಹೂಂ ಅನ್ನಬೇಕು. ಆಮೇಲೆ ಕುಂಟದೆ ನಡೆಯಲು ಬರಬೇಕು, ಎಡಗಾಲೊಂದರ ಮೇಲೇ ನಿಲ್ಲಲು, ತುದಿಗಾಲಲ್ಲಿ ಏಳಲು ಬರಬೇಕು. ಅಷ್ಟಾದ ಮೇಲೆ ಮೊದಲು ಗೇರ್ ಇಲ್ಲದ ಸ್ಕೂಟರ್, ಹತ್ತಿರದ ದಾರಿ. ನೋವಿನ ಮಾತ್ರೆ ನುಂಗಿ ಗಾಡಿ ಹತ್ತುವುದು ಬೇಡ.

ಮನೆ ನಡೆಯುವ ಚಿಂತೆ ನನಗೂ ಅರ್ಥವಾಗುತ್ತದೆ. ನಿಮ್ಮ ಸಂಬಳದಲ್ಲಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವಂತಿಗೆ ಹಿಡಿಯುತ್ತಾರಾ ನೋಡಿ. ಕೆಲಸದ ಮೇಲಿದ್ದಾಗ ಬಿದ್ದಿದ್ದರೆ ಗುಣವಾಗುವವರೆಗೆ ದಿನಗೂಲಿಯ ಸುಮಾರು 90 ಶೇಕಡಾ ಸಿಗುತ್ತದೆ. ಬೇರೆ ಕಡೆ ಬಿದ್ದಿದ್ದರೂ ವಂತಿಗೆ ಸರಿಯಾಗಿ ಕಟ್ಟಿದ್ದವರಿಗೆ ವರ್ಷಕ್ಕೆ 91 ದಿನದವರೆಗೆ 70 ಶೇಕಡಾ ಇದೆ. ಇದಕ್ಕೆ ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಬೇಕು. ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಕಾಗದ, ಎಕ್ಸ್‌ರೇ ಹಿಡಿದುಕೊಂಡು ಈ ವಾರವೇ ಡಿಸ್ಪೆನ್ಸರಿಗೆ ಹೋಗಿ ಕೇಳಿ. ಇಎಸ್‌ಐ ಇಲ್ಲದಿದ್ದರೆ ನಿಮ್ಮ ಸರ್ಜನ್ ಹತ್ತಿರ 'ಇಷ್ಟು ವಾರ ಕೂತು ಮಾಡುವ ಕೆಲಸ ಮಾತ್ರ' ಅಂತ ಬರೆಸಿಕೊಂಡು ಆಫೀಸಿಗೆ ಕೊಡಿ. ಪಾರ್ಸೆಲ್ ವಿಂಗಡಿಸುವ, ಎಂಟ್ರಿ ಮಾಡುವ ಕೆಲಸ ಗೋಡೌನಿನಲ್ಲಿ ಇದ್ದೇ ಇರುತ್ತದೆ. ಅಲ್ಲಿ ಕೂತಾಗಲೂ ಮೇಜಿನ ಕೆಳಗೊಂದು ಖಾಲಿ ಕ್ರೇಟ್ ಇಟ್ಟುಕೊಂಡು ಕಾಲು ಅದರ ಮೇಲಿಡಿ, ಊಟದ ಬಿಡುವಿನಲ್ಲಿ ಸ್ವಲ್ಪ ಹೊತ್ತು ಮಲಗಿ ಪಾದ ಎತ್ತಿಡಿ.