ಒಳಕಲ್ಲಿಗೂ ಉಸಿರು ಕಟ್ಟುತ್ತಾ?

ಪ್ರಶ್ನೆ: ಅಕ್ಕಾ, ಹಳೆ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದೇವೆ. ಅಮ್ಮ ರುಬ್ಬುತ್ತಿದ್ದ ಒಳಕಲ್ಲನ್ನು ಪಾಯಕ್ಕೆ ಹಾಕೋಣ ಅಂತ ಮೇಸ್ತ್ರಿ ಹೇಳಿದರು. ಆರು ವರ್ಷದ ಮಗಳು "ಅದಕ್ಕೆ ಉಸಿರು ಕಟ್ಟುತ್ತೆ" ಎಂದು ಅತ್ತುಬಿಟ್ಟಳು. ಕಲ್ಲಿಗೆ ಜೀವ ಇರುತ್ತಾ? ಅವಳಿಗೆ ಏನು ಹೇಳಲಿ?
– ಓದುಗರು, ದಾವಣಗೆರೆ

ಉತ್ತರ: ಪಾಯಕ್ಕೆ ಹಾಕಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಹೆಸರಿಡುವ ದಿನ ಗುಂಡುಕಲ್ಲನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಮೊದಲು ಅದನ್ನೇ ತೊಟ್ಟಿಲಿಗೆ ಹಾಕುವುದು ನಮ್ಮಲ್ಲಿ ಎಷ್ಟೋ ಮನೆಗಳ ಪದ್ಧತಿ, ಅಲ್ವಾ? ಗುಂಡಪ್ಪ ಅಂತ ಕರೆಯುತ್ತೇವೆ. ಮಗು ಆಮೇಲೆ. ಮಗು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಅಂತ ದೊಡ್ಡವರು ಹೇಳುತ್ತಾರೆ. ನನಗೆ ಮಾತ್ರ ಗುಂಡಪ್ಪ ಆ ಮನೆಯ ಹಿರಿಮಗ ಅಂತಲೇ ಅನಿಸುತ್ತೆ.

ನಾನು ಚಿತ್ರದುರ್ಗದವಳು. ಕೋಟೆಯ ಕಿಂಡಿಯಲ್ಲಿ ನುಸುಳಿದ ಹೈದರಾಲಿಯ ಸೈನಿಕರನ್ನು ಓಬವ್ವ ತಡೆದದ್ದು ಒನಕೆಯಿಂದ. ನಮ್ಮ ಜನ ಆ ಒನಕೆಯನ್ನು ಮರೆಯಲಿಲ್ಲ. ಮನೆತನದ ಹೆಸರಿನ ಹಾಗೆ ಅವಳ ಹೆಸರಿಗೂ ಮುಂದೆ ಅದನ್ನು ಇಟ್ಟರು. 2021ರಿಂದ ಸರ್ಕಾರವೂ ನವೆಂಬರ್ 11ರಂದು ಓಬವ್ವನ ಜಯಂತಿ ಮಾಡುತ್ತಿದೆ. ಆವತ್ತು ನಾನು ಮನೆಯ ಹಳೆ ಒನಕೆಗೂ ಒಂದು ಸೇವಂತಿಗೆ ಏರಿಸುತ್ತೇನೆ.

ನಮ್ಮಮ್ಮನ ಒಳಕಲ್ಲು ಈಗ ನನ್ನ ಹಿತ್ತಲಲ್ಲಿದೆ. ಅಮ್ಮ ಬಲಗೈಯಲ್ಲಿ ಗುಂಡು ತಿರುಗಿಸುತ್ತಾ ಎಡಗೈಯಲ್ಲಿ ಹಿಟ್ಟು ತಳ್ಳುತ್ತಿದ್ದಳು. ಬಳೆಯ ಸದ್ದು, ಕಲ್ಲಿನ ಗುರುಗುರು. ನನಗೆ ಬೆಳಗಾಗುತ್ತಿದ್ದದ್ದೇ ಅದರಿಂದ. ಅವಳು ಹೋದ ಮೇಲೆ ಮೊದಲ ಸಲ ಚಟ್ನಿ ರುಬ್ಬಲು ಕೂತೆ. ಗುಂಡಿನ ತಲೆ ಅವಳ ಅಂಗೈ ತಾಗಿ ತಾಗಿ ನುಣ್ಣಗಾಗಿತ್ತು. ನನ್ನ ಕೈ ತಾನಾಗಿ ಅಲ್ಲಿಗೇ ಹೋಯಿತು. ತುಂಬಾ ಹೊತ್ತು ಸುಮ್ನೆ ಹಿಡಿದುಕೊಂಡೇ ಕೂತಿದ್ದೆ. ಮನೆಗಾಗಿ ಜೀವ ತೇಯ್ದಳು ಅಂತೀವಲ್ಲ, ನಮ್ಮಮ್ಮ ತೇಯ್ದದ್ದು ಆ ಕಲ್ಲಿನಲ್ಲೇ. ಅದರಲ್ಲಿ ಜೀವ ಇಲ್ಲ ಅನ್ನಲು ನನ್ನಿಂದ ಆಗದು.

ಮಗಳಿಗೆ "ಹೌದು ಪುಟ್ಟಿ" ಅನ್ನಿ. ಹೊಸ ಮನೆಯ ಹಿತ್ತಲಲ್ಲಿ ಒಳಕಲ್ಲಿಗೆ ಜಾಗ ಮಾಡಿ. ಹಾಗೇ ಬಿಟ್ಟರೆ ಕುಳಿಯಲ್ಲಿ ಮಳೆನೀರು ನಿಂತು ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತೆ, ಹಾಗಾಗಿ ಮೇಲೊಂದು ಮುಚ್ಚಳ ಬೇಕು. ಭಾನುವಾರ ದೋಸೆ ಮಾಡಿದಾಗ ಕಾಯಿ ಚಟ್ನಿ ಅದರಲ್ಲೇ ರುಬ್ಬಿ. ತೊಳೆದು ಒರೆಸಿ ಮುಚ್ಚುವ ಕೆಲಸ ಮಗಳಿಗೆ ಬಿಡಿ.

ಮನೆ ಕೆಡವುವಾಗ ಗುಂಡು ಎಲ್ಲಾದರೂ ಮಣ್ಣಿನಲ್ಲಿ ಸೇರಿದ್ದರೆ ಇವತ್ತೇ ಹುಡುಕಿಸಿ. ಅವೆರಡನ್ನೂ ಅಗಲಿಸಬೇಡಿ.