ಹಲವು ಫೈಬರ್ ಲೇಸರ್ ಕಿರಣಗಳನ್ನು ಒಂದು ಮಾಡಿದಾಗ ಬರುವ ಆಪ್ಟಿಕಲ್ ದೋಷ ಸರಿಪಡಿಸೋದು ಹೇಗೆ?
ದೋಷ ಯಾವುದು ಅನ್ನೋದರ ಮೇಲೆ ನಿಂತಿದೆ. ಕಿರಣಗಳನ್ನು ಪಕ್ಕಪಕ್ಕ ಇಟ್ಟು ಫೇಸ್ (ಅಲೆಯ ಏರಿಳಿತದ ಹಂತ) ಹೊಂದಿಸುವ ಕೊಹೆರೆಂಟ್ ಪದ್ಧತಿಯಲ್ಲಿ ದೊಡ್ಡ ತಲೆನೋವು ಪಿಸ್ಟನ್ ದೋಷ, ಅಂದರೆ ಒಂದು ಕಿರಣದ ಅಲೆ ಇನ್ನೊಂದಕ್ಕಿಂತ ಹಿಂದೆ ಬೀಳುವುದು. ಅಲೆಯುದ್ದ 1064 ನ್ಯಾನೋಮೀಟರ್ ಇದ್ದರೆ, ಎರಡು ಕಿರಣಗಳ ದಾರಿಯಲ್ಲಿ 532 ನ್ಯಾನೋಮೀಟರ್ (ಅರ್ಧ ಅಲೆಯುದ್ದ) ವ್ಯತ್ಯಾಸ ಸಾಕು, ನಡುವಿನ ಚುಕ್ಕೆ ಕಪ್ಪಾಗಿಬಿಡುತ್ತದೆ! ಫೈಬರ್ ಸ್ವಲ್ಪ ಬಿಸಿಯಾದರೂ, ಅಲುಗಿದರೂ ಇಷ್ಟಾಗುತ್ತದೆ. ಹಾಗಾಗಿ ಆಂಪ್ಲಿಫೈಯರ್‌ಗೆ ಮುಂಚೆ, ಪವರ್ ಕಡಿಮೆ ಇರುವ ಕಡೆ, ಲಿಥಿಯಂ ನಯೋಬೇಟ್ ಫೇಸ್ ಮಾಡ್ಯುಲೇಟರ್ (ವೋಲ್ಟೇಜ್ ಕೊಟ್ಟರೆ ಫೇಸ್ ಬದಲಿಸುವ ಹರಳಿನ ಸಾಧನ) ಹಾಕಿ. ಪಿನ್‌ಹೋಲ್ (ಸಣ್ಣ ತೂತು) ಹಿಂದೆ ಒಂದು ಫೋಟೋಡಯೋಡ್ (ಬೆಳಕು ಅಳೆಯುವ ಸೆನ್ಸರ್) ಇಟ್ಟು, ಎಲ್ಲ ಫೇಸ್‌ಗಳನ್ನೂ ಒಟ್ಟಿಗೆ ಚೂರು ಅಲುಗಿಸಿ, ಬೆಳಕು ಜಾಸ್ತಿಯಾಗುವ ದಿಕ್ಕಿಗೆ ಸರಿಸುತ್ತಾ ಹೋಗಬೇಕು. ಇದಕ್ಕೆ ಎಸ್‌ಪಿಜಿಡಿ (ಸ್ಟೊಕ್ಯಾಸ್ಟಿಕ್ ಪ್ಯಾರಲಲ್ ಗ್ರೇಡಿಯಂಟ್ ಡಿಸೆಂಟ್) ಅಂತಾರೆ. ಉಳಿದ ದೋಷ ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ಲೆಕ್ಕದಲ್ಲಿ ಅಲೆಯುದ್ದದ 1/20ಕ್ಕೆ ಇಳಿದರೆ, ಸಿಗಬೇಕಾದ ಹೊಳಪಿನ ಸುಮಾರು 90% ಸಿಗುತ್ತದೆ.

ಕಿರಣ ಓರೆಯಾಗಿದ್ದರೆ ಹೀಗೆ ಫೇಸ್ ಹೊಂದಿಸುವುದರಿಂದ ಪ್ರಯೋಜನ ಇಲ್ಲ, ಫೈಬರ್ ತುದಿಯನ್ನೇ ಪೀಜೋದಿಂದ (ವೋಲ್ಟೇಜ್ ಕೊಟ್ಟರೆ ಚೂರು ಹಿಗ್ಗುವ ಸಾಧನ) ಸರಿಸಬೇಕು. ಕಿಲೋವ್ಯಾಟ್ ಪವರ್‌ನಲ್ಲಿ ಲೆನ್ಸ್ ಬಿಸಿಯಾಗಿ ಫೋಕಸ್ ಜಾರುತ್ತಿದ್ದರೆ ಮೊದಲು ಕೋಟಿಂಗ್ ನೋಡಿ, ಧೂಳು ಒರೆಸಿ, ಶುದ್ಧ ಫ್ಯೂಸ್ಡ್ ಸಿಲಿಕಾ ಲೆನ್ಸ್ ಹಾಕಿ. ಡಿಫಾರ್ಮಬಲ್ ಮಿರರ್ (ಮೇಲ್ಮೈ ಆಕಾರ ಬದಲಿಸಬಲ್ಲ ಕನ್ನಡಿ) ದುಬಾರಿ, ಇಷ್ಟೆಲ್ಲ ಮಾಡಿದ ಮೇಲೂ ಆಸ್ಟಿಗ್ಮ್ಯಾಟಿಸಂ (ಅಡ್ಡ, ಉದ್ದ ದಿಕ್ಕಿನ ಫೋಕಸ್ ಬೇರೆ ಬೇರೆ ಕಡೆ ಬೀಳುವುದು) ಉಳಿದರೆ ಮಾತ್ರ ಅದರ ಕಡೆ ಹೋಗಿ.